ಸೀಸೆಯೊಳಗಿನ ಸಬ್ಬಸಿಗೆ

ಪುಣೆಯ ಮಂಡಿಯಲ್ಲಿ ಅದರ ಹೆಸರು ಶೇಪು. ದೆಹಲಿಯ ತರಕಾರಿ ಗಾಡಿಯವನ ಬಾಯಲ್ಲಿ ಸೋಯಾ. ಅಲ್ಲಿಗೆ ಹೊಸದಾಗಿ ಹೋದ ಕನ್ನಡಿಗರು ಅದನ್ನು ಸೋಯಾಬೀನಿನ ಸೊಪ್ಪು ಅಂದುಕೊಂಡು ಮುಂದೆ ನಡೆಯುವುದುಂಟು. ಹೈದರಾಬಾದಿನಲ್ಲಿ ಸೋಯಕೂರ, ಗುಜರಾತಿಗಳಲ್ಲಿ ಸುವಾ, ಕೊಂಕಣಿಗರಲ್ಲಿ ಶೆಪ್ಪಿ. ಚೆನ್ನೈಯಲ್ಲಿ ಸೊಪ್ಪಿನ ಕಟ್ಟಿಗಿಂತ ನಾಟಿ ಮದ್ದಿನ ಅಂಗಡಿಯ ಬೀಜವೇ ಹೆಚ್ಚು ಪರಿಚಿತ, ಅದು ಸದಕುಪ್ಪೈ. ಕನ್ನಡದೊಳಗೇ ಸಬ್ಬಸಿಗೆ, ಸಬ್ಸಿಗೆ, ಸಬ್ಬಸಗಿ ಎಂದೆಲ್ಲ ಇದೆ. ಕೆಲವು ಕಡೆ ಸಬ್ಬಕ್ಕಿ ಸೊಪ್ಪು ಎಂದೂ ಕರೆಯುತ್ತಾರೆ, ಪಾಯಸದ ಸಬ್ಬಕ್ಕಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲದಿದ್ದರೂ.

ಈ ಹೆಸರುಗಳ ಪೈಕಿ ಒಂದು ಮಾತ್ರ ಗಿಡದ ಚಹರೆಯನ್ನು ಬಿಟ್ಟು ಅದರ ಕೆಲಸವನ್ನು ಹೇಳುತ್ತದೆ. ಮರಾಠಿಯಲ್ಲಿ ಸಬ್ಬಸಿಗೆಯ ಬೀಜ ಬಾಳಂತಶೇಪ, ಅಂದರೆ ಬಾಣಂತಿಯ ಶೇಪು. ಹೆರಿಗೆಯಾದವಳ ಊಟದೆಲೆಯಲ್ಲಿ, ಊಟವಾದ ಮೇಲಿನ ಚಿಟಿಕೆ ಬೀಜದಲ್ಲಿ, ಕುದಿಸಿ ಆರಿಸಿದ ಕುಡಿಯುವ ನೀರಿನಲ್ಲಿ ಅದು ಇರಬೇಕೆಂಬುದು ಗುಜರಾತಿನಿಂದ ಮೈಸೂರಿನವರೆಗೆ ಒಪ್ಪಿತವಾದ ಪದ್ಧತಿ. ಹಾಲು ಹೆಚ್ಚುತ್ತದೆ, ತಾಯಿಯ ಹೊಟ್ಟೆಯ ವಾಯು ಇಳಿಯುತ್ತದೆ, ಹಾಲಿನ ಮೂಲಕ ಕೂಸಿನದ್ದೂ ಇಳಿಯುತ್ತದೆ ಎಂಬುದು ನಂಬಿಕೆ. ತಾಯಿಗೆ ಮತ್ತು ಕೂಸಿಗೆ ಆಗಿಬರುವ ಸೊಪ್ಪು ಎಂಬ ಈ ಹೆಸರು ಸಾವಿರಾರು ವರ್ಷಗಳಿಂದ, ಪರಸ್ಪರ ಪರಿಚಯವೇ ಇಲ್ಲದ ಜನರ ನಡುವೆ ಉಳಿದುಬಂದಿದೆ. ಆ ಒಳ್ಳೆಯ ಹೆಸರಿನ ಬಲದ ಮೇಲೆ ಕೂಸುಗಳ ಬಾಯಿಗೆ ಏನೇನು ಇಳಿಯಿತು ಎಂಬುದು ಅದರ ಚರಿತ್ರೆಯ ಇನ್ನೊಂದು ಭಾಗ.

ಸಂಸ್ಕೃತದಲ್ಲಿ ಸಬ್ಬಸಿಗೆ ಶತಪುಷ್ಪಾ, ನೂರು ಹೂವಿನದು. ಕೊಡೆಯಂತೆ ಬಿಚ್ಚಿಕೊಳ್ಳುವ ಹಳದಿ ಹೂಗೊಂಚಲನ್ನು ನೋಡಿದವರಿಗೆ ಆ ಹೆಸರು ವಿವರಿಸಬೇಕಿಲ್ಲ. ತಮಿಳಿನ ಸದಕುಪ್ಪೈಯಲ್ಲಿ ಕೇಳಿಸುವುದೂ ಅದೇ 'ಶತ'. ಚರಕಸಂಹಿತೆಯು ಔಷಧಿಗಳನ್ನು ಹತ್ತತ್ತರ ಗುಂಪುಗಳಾಗಿ ಜೋಡಿಸುವಲ್ಲಿ ಶತಪುಷ್ಪಾ ಬಸ್ತಿ ಚಿಕಿತ್ಸೆಗೆ ನೆರವಾಗುವ ಎರಡೂ ಗುಂಪುಗಳಲ್ಲಿ ಬರುತ್ತದೆ. ವಾತಕ್ಕೆ ಮದ್ದು ಎಂಬ ತಿಳಿವಳಿಕೆ ಅಷ್ಟು ಹಳೆಯದು. ಆದರೆ ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟದ್ದು ಕಾಶ್ಯಪಸಂಹಿತೆ. ತಾಯಿ-ಮಕ್ಕಳ ವೈದ್ಯಕ್ಕೆಂದೇ ರಚಿತವಾದ ಈ ಗ್ರಂಥದಲ್ಲಿ ಕಾಶ್ಯಪ ತನ್ನ ಶಿಷ್ಯ ವೃದ್ಧಜೀವಕನಿಗೆ ಪಾಠ ಹೇಳುತ್ತಾನೆ. ಅದರ ಕಲ್ಪಸ್ಥಾನದಲ್ಲಿ ಶತಪುಷ್ಪಾ ಮತ್ತು ಶತಾವರಿ ಎರಡನ್ನೂ ಕುರಿತ ಅಧ್ಯಾಯವೊಂದಿದೆ.

ಆ ಗ್ರಂಥ ನಮಗೆ ಸಿಕ್ಕಿರುವುದೇ ಒಂದು ಅದೃಷ್ಟ. ನೇಪಾಳದಲ್ಲಿ ಉಳಿದಿದ್ದ, ಅಲ್ಲಲ್ಲಿ ಗರಿಗಳು ಕಳೆದುಹೋಗಿದ್ದ ತಾಳೆಗರಿಯ ಪ್ರತಿಯನ್ನು ಆಧರಿಸಿ ನೇಪಾಳದ ರಾಜಗುರು ಹೇಮರಾಜ ಶರ್ಮರು ದೀರ್ಘ ಪೀಠಿಕೆಯೊಡನೆ ಅದನ್ನು ಹೊರತಂದರು. 1938ರಲ್ಲಿ ಅಚ್ಚಾದದ್ದು ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ. ಅಂದರೆ ಸಬ್ಬಸಿಗೆಯ ಬಗ್ಗೆ ಭಾರತದ ವೈದ್ಯ ಪರಂಪರೆ ಹೇಳಿದ ಅತ್ಯಂತ ವಿವರವಾದ ಮಾತು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಬಹುತೇಕ ವೈದ್ಯರ ಕಣ್ಣಿಗೇ ಬಿದ್ದಿರಲಿಲ್ಲ. ಅಷ್ಟರಲ್ಲಿ ಅಜ್ಜಿಯರು ಪುಸ್ತಕದ ಹಂಗಿಲ್ಲದೆ ತಮ್ಮ ಪಾಡಿಗೆ ತಾವು ಕೆಲಸ ನಡೆಸಿದ್ದರು.

ಆ ಅಧ್ಯಾಯವನ್ನು ಓದುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಶ್ಯಪ ಶತಪುಷ್ಪೆಯನ್ನು ಹೇಳುವುದು ಮುಖ್ಯವಾಗಿ ಹೆಂಗಸರ ಋತುಸಂಬಂಧಿ ತೊಂದರೆಗಳಿಗೆ: ಮುಟ್ಟು ಬಾರದವರಿಗೆ, ಬಂದರೂ ಫಲ ನಿಲ್ಲದವರಿಗೆ, ಹೆಚ್ಚು ಅಥವಾ ಕಡಿಮೆ ಹೋಗುವವರಿಗೆ. ಕೊಡುವ ಪ್ರಮಾಣವೂ ಒಗ್ಗರಣೆಯ ಪ್ರಮಾಣವಲ್ಲ. ಪುಡಿಯನ್ನು ತೂಗಿ, ತುಪ್ಪದಂಥ ಅನುಪಾನದ ಜೊತೆ, ಪಥ್ಯವಿಟ್ಟು ಕೊಡುವ ಔಷಧ ಅದು. ಮುಟ್ಟನ್ನು ತರುವ ಶಕ್ತಿ ಇದೆ ಎಂದು ನಂಬಿದ ಪದಾರ್ಥವನ್ನು ಬಸುರಿಯರಿಗೆ ಧಾರಾಳವಾಗಿ ಕೊಡುವಂತಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಂದು 'ಸಬ್ಬಸಿಗೆ ಎಲ್ಲರಿಗೂ, ಎಲ್ಲ ಕಾಲಕ್ಕೂ ಒಳ್ಳೆಯದು' ಎಂದು ಆಯುರ್ವೇದದ ಹೆಸರಿನಲ್ಲಿ ಹರಿದಾಡುವ ಸಂದೇಶಗಳು ಆಯುರ್ವೇದದ ಈ ಎಚ್ಚರವನ್ನೇ ಬಿಟ್ಟಿರುತ್ತವೆ.

ಇನ್ನೊಂದು ಗೋಜಲು ಹೆಸರಿನದು. ಶತಪುಷ್ಪಾ ಎಂದರೆ ಸಬ್ಬಸಿಗೆಯೋ ಬಡೆಸೋಪೋ ಎಂದು ಟೀಕಾಕಾರರ ಕಾಲದಿಂದಲೂ ಜಗಳವಿದೆ. ಎರಡರ ಎಲೆಯೂ ನೂಲಿನ ಎಳೆಯಂತೆ, ಎರಡರ ಹೂವೂ ಹಳದಿ ಕೊಡೆ. ಭಾರತದ ಅಧಿಕೃತ ಆಯುರ್ವೇದ ಔಷಧಕೋಶ ಶತಾಹ್ವಾ ಎಂದರೆ ಸಬ್ಬಸಿಗೆ, ಮಿಶ್ರೇಯಾ ಎಂದರೆ ಬಡೆಸೋಪು ಎಂದು ಈಗ ಗೆರೆ ಎಳೆದಿದೆಯಾದರೂ ಅಂಗಡಿಯ ಡಬ್ಬಿಗಳು ಔಷಧಕೋಶವನ್ನು ಓದುವುದಿಲ್ಲ. ಸಬ್ಬಸಿಗೆಯ ಕುಟುಂಬದಲ್ಲಿ ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿಯಂಥ ಸಂಭಾವಿತರೇ ಹೆಚ್ಚು. ಆದರೆ ಸಾಕ್ರಟೀಸನ ಬಟ್ಟಲಿಗೆ ಬಿದ್ದ ಹೆಮ್ಲಾಕ್ ಕೂಡ ಅದೇ ಕುಟುಂಬದ್ದು. ಇಲ್ಲಿ ಗುರುತು ತಪ್ಪುವುದು ಪಂಡಿತರ ಚರ್ಚೆಯಷ್ಟೇ ಆಗಿ ಉಳಿಯಬೇಕಿಲ್ಲ.

ಪಶ್ಚಿಮದ ಕಡೆಗೆ ತಿರುಗಿದರೆ ಕಥೆ ಸುಮಾರು ಹೀಗೆಯೇ ಇದೆ. ಈಜಿಪ್ಟಿನ ಎರಡನೆಯ ಅಮೆನ್‌ಹೊಟೆಪ್‌ನ ಸಮಾಧಿಯಲ್ಲಿ ಸಬ್ಬಸಿಗೆಯ ಕಡ್ಡಿಗಳು ಸಿಕ್ಕಿವೆ. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಫರಿಸಾಯರು ದೇವರಿಗೆ ದಶಾಂಶ ಕೊಡುವ ಸಣ್ಣಪುಟ್ಟ ಸೊಪ್ಪು-ಬೀಜಗಳ ಮಾತು ಬರುವಲ್ಲಿ ಮೂಲ ಗ್ರೀಕಿನಲ್ಲಿರುವ ಪದ ಸಬ್ಬಸಿಗೆಯದು. 1611ರ ಇಂಗ್ಲಿಷ್ ಅನುವಾದಕರು ಅದನ್ನು ಆನೀಸ್ ಎಂದು ಬರೆದರು, ಬೇರೆಯೇ ಗಿಡ. ಶತಮಾನಗಳ ಕಾಲ ಇಂಗ್ಲಿಷ್ ಭಕ್ತರು ತಪ್ಪು ಮಸಾಲೆಯನ್ನೇ ಓದಿಕೊಂಡರು.

ಎಲ್ಲಕ್ಕಿಂತ ಕುತೂಹಲದ ಸಾಕ್ಷಿ ಡಯಸ್ಕೊರಿಡೀಸನದು. ಒಂದನೆಯ ಶತಮಾನದ ಈ ಗ್ರೀಕ್ ವೈದ್ಯನ ಔಷಧಗ್ರಂಥ ಯುರೋಪಿಗೂ ಅರಬ್ ಜಗತ್ತಿಗೂ ಸಾವಿರದೈನೂರು ವರ್ಷ ಪಠ್ಯಪುಸ್ತಕವಾಗಿತ್ತು. ಸಬ್ಬಸಿಗೆಯ ಎಲೆ ಮತ್ತು ಬೀಜದ ಕಷಾಯ ಎದೆಹಾಲು ತರಿಸುತ್ತದೆ, ಹೊಟ್ಟೆನುಲಿತವನ್ನೂ ವಾಯುವನ್ನೂ ನಿಲ್ಲಿಸುತ್ತದೆ ಎಂದು ಅವನು ಬರೆಯುತ್ತಾನೆ. ಇಷ್ಟನ್ನು ಪುಣೆಯ ಯಾವ ಅಜ್ಜಿಯಾದರೂ ಹೇಳಿಯಾಳು. ಆದರೆ ಅವನು ಅಲ್ಲಿಗೆ ನಿಲ್ಲಿಸದೆ, ಅದನ್ನೇ ಎಡೆಬಿಡದೆ ಕುಡಿಯುತ್ತ ಹೋದರೆ ಕಣ್ಣು ಮಂಜಾಗುತ್ತದೆ, ವೀರ್ಯ ಕುಗ್ಗುತ್ತದೆ ಎಂದೂ ಸೇರಿಸುತ್ತಾನೆ. ಕಣ್ಣಿನ ಮಾತು ನಿಜವೆನ್ನಲು ಇಂದು ಆಧಾರವಿಲ್ಲ. ಆದರೂ ಗುಣ ಹೇಳಿದ ಉಸಿರಿನಲ್ಲೇ ಮಿತಿಯನ್ನೂ ಹೇಳುವ ಆ ಅಭ್ಯಾಸ ಗಮನಿಸಬೇಕಾದದ್ದು. ಮುಂದಿನವರು ಅವನಿಂದ ಮೊದಲರ್ಧವನ್ನು ಮಾತ್ರ ನಕಲು ಮಾಡಿಕೊಂಡರು.

ಯುರೋಪಿನ ಉತ್ತರದಲ್ಲಿ ಸಬ್ಬಸಿಗೆ ಕೂಸು ಮಲಗಿಸುವ ಮದ್ದಾಯಿತು. ಅದರ ಇಂಗ್ಲಿಷ್ ಹೆಸರು ಡಿಲ್, ಲಾಲಿಸು ಎಂಬರ್ಥದ ಹಳೆಯ ನಾರ್ಸ್ ಪದದಿಂದ ಬಂದದ್ದು ಎಂದು ಅಡುಗೆ ಪುಸ್ತಕಗಳೆಲ್ಲ ಹೇಳುತ್ತವೆ. ಕೇಳಲು ಇಂಪಾದ ಕಥೆ. ಆದರೆ ಜರ್ಮನ್ ಕುಲದ ಹಳೆಯ ಭಾಷೆಗಳಲ್ಲೆಲ್ಲ ಗಿಡಕ್ಕೆ ಅದೇ ಹೆಸರಿನ ರೂಪಗಳಿವೆ, ಹಾಗಾಗಿ ಲಾಲಿಯ ನಂಟು ಬಹುಶಃ ಆಮೇಲೆ ಹೊಂದಿಸಿದ್ದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಬ್ಬಸಿಗೆ ಬೀಜವನ್ನು ಬಟ್ಟಿ ಇಳಿಸಿದ ನೀರು ವೈದ್ಯರ ಅಧಿಕೃತ ಪಟ್ಟಿಯಲ್ಲೇ ಇತ್ತು. ಔಷಧಿಯಂಗಡಿಯವರು ಅದನ್ನು ಕೂಸುಗಳ ಹೊಟ್ಟೆನೋವಿಗೆ ಕೊಡುತ್ತಿದ್ದರು. ಅಂಥ ಅಂಗಡಿಯವರಲ್ಲೊಬ್ಬ ನಾಟಿಂಗ್‌ಹ್ಯಾಮ್ ಊರಿನ ವಿಲಿಯಂ ವುಡ್‌ವರ್ಡ್. ಅವನು 1851ರಲ್ಲಿ ಸಿದ್ಧಪಡಿಸಿದ ದ್ರಾವಣವೇ ಗ್ರೈಪ್ ವಾಟರ್.

ವುಡ್‌ವರ್ಡ್‌ಗೆ ಹೊಳೆದದ್ದು ಹೊಸ ಮದ್ದೇನೂ ಅಲ್ಲ. ಇಂಗ್ಲೆಂಡಿನ ಪೂರ್ವಭಾಗದ ಜೌಗು ನೆಲದಲ್ಲಿ ಆಗ ಮಲೇರಿಯಾದಂಥ ಜ್ವರ ಕಾಡುತ್ತಿತ್ತು. ಅಲ್ಲಿನ ಮಕ್ಕಳಿಗೆ ಕೊಡುತ್ತಿದ್ದ ಒಂದು ಮಿಶ್ರಣ ಹೊಟ್ಟೆನೋವಿನ ಕೂಸುಗಳನ್ನೂ ಸುಮ್ಮನಾಗಿಸುತ್ತದೆ ಎಂಬ ಮಾತಿತ್ತು. ಅದನ್ನು ಅವನು ತಿದ್ದಿದ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರು, ಮದ್ಯಸಾರ, ಇಷ್ಟೇ ಸಾಮಗ್ರಿ. 1876ರಲ್ಲಿ ಆ ಹೆಸರನ್ನು ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡ. ಸೀಸೆಯ ಚೀಟಿಯ ಮೇಲೆ ಎರಡು ಹಾವುಗಳ ಕತ್ತು ಹಿಸುಕುತ್ತಿರುವ ಕೂಸು ಹರ್ಕ್ಯುಲಿಸ್‌ನ ಚಿತ್ರ ಬಂತು. ಅಜ್ಜಿ ಅಮ್ಮನಿಗೆ ಹೇಳಿದಳು, ಅಮ್ಮ ನನಗೆ ಹೇಳಿದಳು ಎಂಬರ್ಥದ ಘೋಷಣೆ ಬಂತು. ತಲೆಮಾರುಗಳ ಸಾಕ್ಷಿಯನ್ನೇ ಸರಕಾಗಿ ಮಾರಿದ ಜಾಹೀರಾತು ಅದಕ್ಕಿಂತ ಮೊದಲು ಎಷ್ಟಿದ್ದವೋ. ಇಷ್ಟು ದಿನ ಬಾಳಿದವು ಮಾತ್ರ ವಿರಳ.

ಈ ಸೀಸೆಯನ್ನು ಬೈಯುವ ಮೊದಲು ಅದರ ಪಕ್ಕದ ಸೀಸೆಗಳನ್ನು ನೋಡಬೇಕು. ನಾಟಿಂಗ್‌ಹ್ಯಾಮ್ ಲೇಸಿನ ಊರು. ಮನೆಮನೆಯಲ್ಲಿ ಹೆಂಗಸರು ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ಲೇಸಿನ ಕೆಲಸಕ್ಕೆ ಕೂರುತ್ತಿದ್ದರು. ಕೂಸು ಅತ್ತರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಕೂಲಿ ನಿಲ್ಲುತ್ತದೆ. ಅದಕ್ಕೆ ಪರಿಹಾರವಾಗಿದ್ದದ್ದು ಗಾಡ್‌ಫ್ರೀಸ್ ಕಾರ್ಡಿಯಲ್, ಅಂದರೆ ಕಾಕಂಬಿಯಲ್ಲಿ ಕಲಸಿದ ಅಫೀಮು. ಮಕ್ಕಳ ದುಡಿಮೆಯ ಬಗ್ಗೆ 1843ರಲ್ಲಿ ವರದಿ ಕೊಟ್ಟ ಬ್ರಿಟಿಷ್ ಆಯೋಗ ನಾಟಿಂಗ್‌ಹ್ಯಾಮಿನ ಲೇಸು ಕೆಲಸದ ತಾಯಂದಿರು ಹುಟ್ಟಿದ ಕೆಲವೇ ದಿನಗಳಿಂದ ಕೂಸುಗಳಿಗೆ ಇದನ್ನು ಕೊಡುತ್ತಿದ್ದುದನ್ನು ದಾಖಲಿಸಿದೆ. ಕೂಸುಗಳು ಸುಮ್ಮನಾಗುತ್ತಿದ್ದವು. ಕೆಲವು ಮತ್ತೆ ಏಳುತ್ತಿರಲಿಲ್ಲ. ಬಹಳಷ್ಟು ಮಕ್ಕಳು ಹಸಿವು ಸತ್ತು, ಸೊರಗಿ ಸಾಯುತ್ತಿದ್ದವು. ಅಟ್ಲಾಂಟಿಕ್ಕಿನ ಆಚೆ ಅಮೆರಿಕದಲ್ಲಿ ಹೆಸರುವಾಸಿಯಾಗಿದ್ದ ಮಿಸೆಸ್ ವಿನ್ಸ್‌ಲೋ ಅವರ ಸಿರಪ್ಪಿನಲ್ಲಿ ಇದ್ದದ್ದು ಮಾರ್ಫಿನ್. ಅಫೀಮಿನ ಸೀಸೆಗಳ ಸಾಲಿನಲ್ಲಿ ಅಫೀಮಿಲ್ಲದ ಸೀಸೆಯೊಂದನ್ನು ಇಟ್ಟದ್ದು ವುಡ್‌ವರ್ಡ್‌ನ ಕೊಡುಗೆ. ಆ ಹೊತ್ತಿಗೆ ಅದು ಸಣ್ಣದಲ್ಲ.

ನಮ್ಮಲ್ಲಿ ಇದೇ ನಾಟಕ ಎಂಬತ್ತು ವರ್ಷ ತಡವಾಗಿ ಮುಂಬಯಿಯ ಗಿರಣಗಾಂವ್‌ನಲ್ಲಿ ನಡೆಯಿತು. ಹತ್ತಿ ಗಿರಣಿಗೆ ಹೋಗುವ ತಾಯಂದಿರು ಚಾಳಿನ ಕೋಣೆಯಲ್ಲಿ ಬಿಟ್ಟುಹೋಗುವ ಕೂಸುಗಳಿಗೆ 'ಬಾಳಗೋಳಿ' ಎಂಬ ಅಫೀಮಿನ ಪುಟ್ಟ ಗುಳಿಗೆ ಕೊಡುತ್ತಿದ್ದರು. 1931ರಲ್ಲಿ ವರದಿ ಸಲ್ಲಿಸಿದ ಭಾರತದ ಕಾರ್ಮಿಕ ಸ್ಥಿತಿಗತಿಯ ರಾಯಲ್ ಆಯೋಗವೂ ಕೂಸುಗಳಿಗೆ ಅಫೀಮು ಕೊಡುವ ಪದ್ಧತಿಯನ್ನು ಎತ್ತಿ ಹೇಳಿದೆ. ಕೊಂಕಣ, ದಖ್ಖಣಗಳಿಂದ ಬಂದ ಈ ಹೆಂಗಸರ ತವರಿನಲ್ಲಿ ಬಾಳಂತಶೇಪ ಇತ್ತು, ಅದನ್ನು ಕುದಿಸಿ ಕೊಡುವ ಅಜ್ಜಿ ಇದ್ದಳು. ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಹತ್ತು ತಾಸು ಕೂಸನ್ನು ತಣ್ಣಗಿಡುವುದು ಮಾತ್ರ ಸಬ್ಬಸಿಗೆಯಿಂದ ಆಗುವ ಕೆಲಸವಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗ್ರೈಪ್ ವಾಟರ್ ಬ್ರಿಟಿಷ್ ಸಾಮ್ರಾಜ್ಯ ಇದ್ದಲ್ಲೆಲ್ಲ ಹೋಯಿತು, ಸಾಮ್ರಾಜ್ಯ ಹೋದ ಮೇಲೂ ಉಳಿಯಿತು. ಭಾರತದಲ್ಲಿ ಅದನ್ನು ಮನೆಮಾತಾಗಿಸಿದ್ದು ಟಿ.ಟಿ. ಕೃಷ್ಣಮಾಚಾರಿಯವರು 1928ರಲ್ಲಿ ಮದರಾಸಿನಲ್ಲಿ ಕಟ್ಟಿದ ಸಂಸ್ಥೆ. ಅಳುವ ಕೂಸು, ಗಾಬರಿಯ ತಾಯಿ, ನಿನಗೂ ನಾನು ಇದನ್ನೇ ಕೊಟ್ಟಿದ್ದೆನಲ್ಲ ಎನ್ನುವ ಅಜ್ಜಿ. ಆ ಟೀವಿ ಜಾಹೀರಾತನ್ನು ಒಂದಲ್ಲ ಒಂದು ಭಾಷೆಯಲ್ಲಿ ನೋಡದೆ ಬೆಳೆದವರು ಕಡಿಮೆ. ತಮಾಷೆಯೆಂದರೆ, ಆ ಅಜ್ಜಿಯ ಅಜ್ಜಿ ಸೀಸೆಯನ್ನು ಕಂಡವಳೇ ಅಲ್ಲ. ಓಮವನ್ನೋ ಸಬ್ಬಸಿಗೆ ಬೀಜವನ್ನೋ ಕುದಿಸಿ ಬಟ್ಟೆಯಲ್ಲಿ ಸೋಸಿದವಳು, ಬಜೆ ತೇಯ್ದು ನಾಲಿಗೆಗೆ ಸವರಿದವಳು. ಅವಳ ಅಧಿಕಾರ ಹೇಗೋ ಸೀಸೆಗೆ ವರ್ಗವಾಗಿಬಿಟ್ಟಿತ್ತು.

ಸೀಸೆಯಲ್ಲಿ ಸಬ್ಬಸಿಗೆ ಎಷ್ಟಿತ್ತು ಎಂದು ಕೇಳಿದರೆ ಉತ್ತರ ನಿರಾಸೆ ತರುವಂಥದ್ದು. ಬ್ರಿಟನ್ನಿನ ಸೂತ್ರದಲ್ಲಿ 5 ಮಿಲಿ ಚಮಚಕ್ಕೆ ಸುಮಾರು 2 ಮಿಲಿಗ್ರಾಂ ಸಬ್ಬಸಿಗೆ ಎಣ್ಣೆ, ಸುಮಾರು 50 ಮಿಲಿಗ್ರಾಂ ಸೋಡಾ. ಮದ್ಯಸಾರ ಶೇ 3.6. ಮದ್ಯಸಾರ ಸೇರಿಸಲು ಕಾರಣವಿತ್ತು: ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಸಕ್ಕರೆ ನೀರು ಬೇಗ ಕೆಡುತ್ತದೆ, ಎರಡಕ್ಕೂ ಮದ್ಯಸಾರ ಮದ್ದು. ಆದರೆ ಲೆಕ್ಕ ಹಾಕಿ ನೋಡೋಣ. 4 ಕಿಲೋ ತೂಕದ ಕೂಸಿಗೆ ದಿನಕ್ಕೆ ನಾಲ್ಕು ಚಮಚ ಕೊಟ್ಟರು ಎಂದಿಟ್ಟುಕೊಂಡರೆ ಒಳಹೋದ ಶುದ್ಧ ಮದ್ಯಸಾರ 0.72 ಮಿಲಿ. ತೂಕದ ಅನುಪಾತದಲ್ಲಿ 60 ಕಿಲೋದ ದೊಡ್ಡವರಿಗೆ ಅದು ಸುಮಾರು 11 ಮಿಲಿ ಆಗುತ್ತದೆ, ಒಂದು ಸ್ಮಾಲ್ ಪೆಗ್ ವಿಸ್ಕಿಗಿಂತ ತುಸು ಕಡಿಮೆ. ಕೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ, ಮದ್ಯಸಾರವನ್ನು ದೊಡ್ಡವರಷ್ಟು ಬೇಗ ಅರಗಿಸಲಾರದು. ಕೂಸು ಮಲಗುತ್ತಿತ್ತು ಎಂದು ತಲೆಮಾರುಗಳು ಹೇಳಿದ್ದು ಸುಳ್ಳಲ್ಲ. ಸಬ್ಬಸಿಗೆ ಮಲಗಿಸಿತೋ, ಸಕ್ಕರೆಯ ಸಿಹಿ ಸಮಾಧಾನ ಮಾಡಿತೋ, ಪೆಗ್ಗು ಮಲಗಿಸಿತೋ ಎಂಬುದನ್ನು ಮಾತ್ರ ಯಾರೂ ಬಿಡಿಸಿ ನೋಡಿರಲಿಲ್ಲ. ದೊಡ್ಡವರೇ ಗ್ರೈಪ್ ವಾಟರಿನ ಚಟಕ್ಕೆ ಬಿದ್ದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ.

ಬ್ರಿಟನ್ನಿನ ಸೀಸೆಯಿಂದ ಮದ್ಯಸಾರ ಹೊರಬಿದ್ದದ್ದು 1990ರ ದಶಕದ ಆರಂಭದಲ್ಲಿ, ಹುಟ್ಟಿದ ನೂರನಲವತ್ತು ವರ್ಷಗಳ ಮೇಲೆ. ಅದೇ ದಶಕದಲ್ಲಿ ಅಮೆರಿಕ ಮದ್ಯಸಾರವಿರುವ ಗ್ರೈಪ್ ವಾಟರಿನ ಆಮದನ್ನು ಬಂದರಿನಲ್ಲೇ ತಡೆಯತೊಡಗಿತು. ಭಾರತದಲ್ಲಿ ಈಗ ಮಾರಾಟವಾಗುವ ಹೆಸರಾಂತ ಸೀಸೆಗಳು ತಮ್ಮಲ್ಲಿ ಮದ್ಯಸಾರವಿಲ್ಲ ಎಂದು ಮುದ್ರಿಸಿಕೊಳ್ಳುತ್ತವೆ. ಅದು ಸತ್ಯ, ಸ್ವಾಗತಾರ್ಹ. ಹಾಗೆಂದ ಮಾತ್ರಕ್ಕೆ ಸೀಸೆಯ ಸಮಸ್ಯೆ ಮುಗಿಯಲಿಲ್ಲ. 2007ರಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಒಂದು ಗ್ರೈಪ್ ವಾಟರ್ ಕುಡಿದ ಆರು ವಾರದ ಕೂಸು ಕಾಯಿಲೆ ಬಿದ್ದಾಗ, ಆ ಸರಕಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಪತ್ತೆಯಾಯಿತು. ಭೇದಿ ಹಿಡಿಸುವ ಜೀವಿ ಅದು. ಮದ್ದಿನ ಗುಣದೋಷ ಹಾಗಿರಲಿ, ನೀರು ಶುದ್ಧವಿತ್ತೇ ಎಂಬ ಪ್ರಶ್ನೆ ಅಲ್ಲಿ ದೊಡ್ಡದಾಯಿತು.

ಹೆಸರಿನ ಗೋಜಲೂ ಮತ್ತೆ ತಲೆಯೆತ್ತಿತು. ಕೂಸಿನ ಹೊಟ್ಟೆನೋವಿಗೆ ಆನೀಸ್, ಬಡೆಸೋಪು, ಸಬ್ಬಸಿಗೆಗಳಂತೆಯೇ ಚಕ್ರಮೊಗ್ಗಿನ ಕಷಾಯ ಕೊಡುವ ರೂಢಿ ಅಮೆರಿಕದ ಕೆಲವು ಸಮುದಾಯಗಳಲ್ಲಿದೆ. ಅಡುಗೆಯ ಚಕ್ರಮೊಗ್ಗಿನ ಜಪಾನೀ ದಾಯಾದಿಯೊಂದು ನೋಡಲು ತದ್ರೂಪು, ಆದರೆ ನರಗಳಿಗೆ ವಿಷ. 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಚಕ್ರಮೊಗ್ಗಿನ ಚಹಾ ಕುಡಿದು ಸುಮಾರು 40 ಜನ ಅಸ್ವಸ್ಥರಾದ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅವರಲ್ಲಿ ಸುಮಾರು 15 ಜನ ಹಸುಗೂಸುಗಳು. ಅಂಗಡಿಯಿಂದ ತಂದ ಬೀಜವನ್ನು ದೊಡ್ಡವರ ಒಗ್ಗರಣೆಗೆ ಹಾಕುವಾಗ ಇಲ್ಲದ ಎಚ್ಚರ, ಅದನ್ನೇ ಕುದಿಸಿ ತಿಂಗಳ ಕೂಸಿಗೆ ಕೊಡುವಾಗ ಇರಬೇಕಾಗುತ್ತದೆ.

ಹಾಗಾದರೆ ಸಬ್ಬಸಿಗೆಗೆ ಗುಣವೇ ಇಲ್ಲವೇ? ಇದೆ. ಬೀಜದ ಎಣ್ಣೆಯಲ್ಲಿರುವ ಕಾರ್ವೋನ್, ಲಿಮೋನೀನ್‌ಗಳು ಅದರ ಪರಿಮಳಕ್ಕೆ ಕಾರಣ. ಇಲಿಯ ಸಣ್ಣಕರುಳಿನ ತುಣುಕಿನ ಮೇಲೆ ಬೀಜದ ಸಾರವನ್ನು ಹಾಕಿದಾಗ ಬಿಗಿದ ಸ್ನಾಯು ಸಡಿಲಾಗುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಊಟವಾದ ಮೇಲೆ ಬೀಜ ಅಗಿದರೆ ಹೊಟ್ಟೆ ಹಗುರಾಗುವುದಕ್ಕೆ ಅಷ್ಟು ವಿವರಣೆ ಸಾಲುತ್ತದೆ. ಇರಾನಿನಲ್ಲಿ ಬೀಜದ ಕಷಾಯವನ್ನು ಹೆರಿಗೆ ನೋವಿನಲ್ಲಿದ್ದವರಿಗೆ ಕೊಟ್ಟು ನೋಡಿದ ಸಣ್ಣ ಅಧ್ಯಯನಗಳಿವೆ, ಹೆರಿಗೆಯ ಅವಧಿ ತಗ್ಗಿತೆಂದು ಅವು ಹೇಳುತ್ತವೆ. ಕೊಲೆಸ್ಟರಾಲ್ ಇಳಿಸಲು ಸಬ್ಬಸಿಗೆ ಮಾತ್ರೆ ಕೊಟ್ಟ ಅಧ್ಯಯನಗಳ ಫಲಿತಾಂಶ ಒಂದರಂತೆ ಒಂದಿಲ್ಲ. ಅದನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸುವುದು ಅವಿವೇಕ.

ಕೂಸಿನ ಅಳುವಿನ ವಿಚಾರ ಬೇರೆ. ಅಮೆರಿಕದ ವೈದ್ಯ ಮಾರಿಸ್ ವೆಸ್ಸೆಲ್ 1954ರಲ್ಲಿ ಅದಕ್ಕೊಂದು ಅಳತೆ ಕೊಟ್ಟರು: ಚೆನ್ನಾಗಿ ಉಂಡು ಬೆಳೆಯುತ್ತಿರುವ ಕೂಸು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರ ಮೀರಿ ಕಾರಣವಿಲ್ಲದೆ ಅತ್ತರೆ ಅದು ಕಾಲಿಕ್, ನಮ್ಮ ಮಾತಿನಲ್ಲಿ ಹೊಟ್ಟೆನುಲಿತ. ಈ ಅಳು ಸುಮಾರು ಆರನೆಯ ವಾರಕ್ಕೆ ತಾರಕಕ್ಕೇರಿ ಮೂರು-ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿದುಹೋಗುತ್ತದೆ. ಏನೂ ಕೊಡದಿದ್ದರೂ ಇಳಿಯುತ್ತದೆ. ಹಾಗಾಗಿ ಎರಡನೆಯ ತಿಂಗಳಲ್ಲಿ ಏನೇ ಕೊಡಲು ಶುರು ಮಾಡಿದರೂ, ಅದು ಸಬ್ಬಸಿಗೆಯಿರಲಿ, ಬಜೆಯಿರಲಿ, ಮಂತ್ರದ ದಾರವಿರಲಿ, ನಾಲ್ಕನೆಯ ತಿಂಗಳಿಗೆ ಅದಕ್ಕೇ ಕೀರ್ತಿ ಸಲ್ಲುತ್ತದೆ. ಅಜ್ಜಿಯರ ಸಾಕ್ಷಿ ಪ್ರಾಮಾಣಿಕವಾಗಿದ್ದೂ ದಾರಿ ತಪ್ಪಿಸುವುದು ಹೀಗೆ. ಪುದುಚೇರಿಯ ಆಸ್ಪತ್ರೆಯೊಂದರಲ್ಲಿ ಆರು ತಿಂಗಳೊಳಗಿನ ಕೂಸುಗಳ ತಾಯಂದಿರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರಲ್ಲಿ ಸುಮಾರು ಇಬ್ಬರು ಗ್ರೈಪ್ ವಾಟರ್ ಕೊಡುತ್ತಿದ್ದರು. ಅದರಿಂದ ಅಳು ಕಡಿಮೆಯಾದದ್ದು ಕಾಣಲಿಲ್ಲ, ವಾಂತಿ ಮತ್ತು ಮಲಬದ್ಧತೆ ಮಾತ್ರ ಕೊಟ್ಟ ಕೂಸುಗಳಲ್ಲಿ ಹೆಚ್ಚಿತ್ತು. ಮೊದಲ ಆರು ತಿಂಗಳು ಎದೆಹಾಲಲ್ಲದೆ ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳುತ್ತ ಬಂದಿದೆ. ಸೀಸೆಯ ಮದ್ದೂ, ಮನೆಯ ಕಷಾಯವೂ ಆ ಮಾತಿನೊಳಗೆ ಬರುತ್ತವೆ. ಪುಟ್ಟ ಹೊಟ್ಟೆಯಲ್ಲಿ ಕಷಾಯ ತುಂಬಿದ ಜಾಗ ಹಾಲಿನ ಜಾಗ. ಅಳುವಿನ ಜೊತೆ ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬಿಡುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಹೊಟ್ಟೆನುಲಿತವಲ್ಲ. ಆಗ ಮನೆಮದ್ದಿನಲ್ಲಿ ಕಳೆಯುವ ಒಂದು ರಾತ್ರಿಯೂ ದುಬಾರಿ.

ದೊಡ್ಡವರ ವಿಷಯದಲ್ಲಿ ಗಮನಿಸಬೇಕಾದ ಭೇದ ಸೊಪ್ಪಿಗೂ ಎಣ್ಣೆಗೂ ನಡುವಿನದು. ಇಲ್ಲಿ ಭಾರತದ ಸಬ್ಬಸಿಗೆಗೆ ತನ್ನದೇ ಒಂದು ವಿಶೇಷವಿದೆ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಯುರೋಪಿನದ್ದಕ್ಕಿಂತ ಬೇರೆ ಎಂದು ಕಂಡು ನಮ್ಮ 'ಸೋವಾ' ಎಂಬ ಹೆಸರನ್ನೇ ಲ್ಯಾಟಿನ್ನಿಗೆ ಸೇರಿಸಿದ. ಸಸ್ಯಶಾಸ್ತ್ರಜ್ಞರು ಈಗ ಎರಡನ್ನೂ ಒಂದೇ ಜಾತಿಯೆಂದು ಎಣಿಸುವುದೇ ಹೆಚ್ಚಾದರೂ, ಎಣ್ಣೆ ಮಾತ್ರ ಒಂದೇ ಅಲ್ಲ. ಯುರೋಪಿನ ಬೀಜದ ಎಣ್ಣೆಯಲ್ಲಿ ಸುಮಾರು ಅರ್ಧ ಕಾರ್ವೋನ್. ಭಾರತದ್ದರಲ್ಲಿ ಕಾರ್ವೋನ್ ಕಡಿಮೆ, ಅದರ ಬದಲಿಗೆ ನೀರಿಗಿಂತ ಭಾರವಾದ ಡಿಲ್ಯಾಪಿಯೋಲ್ ಎಂಬ ಅಂಶ ಗಣನೀಯವಾಗಿದೆ. ಬ್ರಿಟಿಷ್ ಔಷಧಕೋಶದ ಅಳತೆಗೆ ಭಾರತದ ಎಣ್ಣೆ ಹೊಂದದಿರಲು ಇದೇ ಕಾರಣ. ಡಿಲ್ಯಾಪಿಯೋಲ್‌ನ ಅಣುರಚನೆ ಪಾರ್ಸ್ಲಿಯ ಏಪಿಯೋಲ್‌ಗೆ ತೀರ ಹತ್ತಿರ. ಏಪಿಯೋಲನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮುಟ್ಟು ತರಿಸಲೆಂದು ಬಳಸತೊಡಗಿ, ಆಮೇಲೆ ಗುಟ್ಟಾಗಿ ಗರ್ಭ ಇಳಿಸಲು ನುಂಗಿ, ಯಕೃತ್ತು ಮೂತ್ರಪಿಂಡ ಕೆಟ್ಟು ಸತ್ತವರಿದ್ದಾರೆ. ಕಾಶ್ಯಪ ಶತಪುಷ್ಪೆಯನ್ನು ಮುಟ್ಟಿನ ಮದ್ದಾಗಿ ಕಂಡದ್ದಕ್ಕೂ ಇದಕ್ಕೂ ನೇರ ನಂಟು ಕಟ್ಟುವುದು ಅವಸರವಾದೀತು. ಆದರೂ ಸಬ್ಬಸಿಗೆ ಎಣ್ಣೆಯನ್ನೋ ಗಟ್ಟಿ ಸಾರದ ಮಾತ್ರೆಯನ್ನೋ ಬಸುರಿಯರು ಮುಟ್ಟದಿರಲು ಇಷ್ಟು ಸಾಕು. ಸುಗಂಧ ಚಿಕಿತ್ಸೆಗೆಂದು ಮಾರುವ ಪುಟ್ಟ ಸೀಸೆಯ ಎಣ್ಣೆ ಯಾರೂ ಕುಡಿಯುವ ವಸ್ತುವಲ್ಲ.

ಸೊಪ್ಪಿನಲ್ಲಿ ಎಣ್ಣೆಯ ಅಂಶ ತೀರ ಕಡಿಮೆ. ಅವರೆಕಾಳು ಉಪ್ಪಿಟ್ಟಿನಲ್ಲಿ, ಅಕ್ಕಿರೊಟ್ಟಿಯಲ್ಲಿ, ನುಚ್ಚಿನುಂಡೆಯಲ್ಲಿ, ಹೆಸರುಬೇಳೆ ಹಾಕಿದ ಪಲ್ಯದಲ್ಲಿ ಬೀಳುವ ಒಂದು ಹಿಡಿ ಸಬ್ಬಸಿಗೆಯಿಂದ ಬಸುರಿ ಬಾಣಂತಿಯರಿಗೆ ಕೇಡಾದ ದಾಖಲೆಯಿಲ್ಲ. ಅದರಿಂದ ಹಾಲು ಹೆಚ್ಚಾಗುತ್ತದೆ ಎಂಬುದೂ ಸಾಬೀತಾದ ಮಾತಲ್ಲ, ಆದರೆ ಹೆರಿಗೆಯಾದವಳಿಗೆ ಹೊಟ್ಟೆತುಂಬ ಬಿಸಿಬಿಸಿ ಊಟ ಬಡಿಸುವ ನೆಪವಾಗಿ ಅದು ಒಳ್ಳೆಯ ಕೆಲಸವನ್ನೇ ಮಾಡಿದೆ. ಗಜ್ಜರಿ, ಸೆಲರಿ, ಕೊತ್ತಂಬರಿ ಒಗ್ಗದವರಿಗೆ ಸಬ್ಬಸಿಗೆಯೂ ಒಗ್ಗದಿರಬಹುದು; ಬಾಯಿ ತುರಿಸಿದರೆ, ತುಟಿ ಊದಿದರೆ ಬಿಡಬೇಕು. ಹಸಿ ಸೊಪ್ಪಿನ ರಸ ಮೈಗೆ ಮೆತ್ತಿಕೊಂಡು ಬಿಸಿಲಿನಲ್ಲಿ ನಿಂತರೆ ಕೆಲವರ ಚರ್ಮ ಕೆಂಪಾಗಿ ಉರಿಯುತ್ತದೆ. ಮುಖಕ್ಕೆ ಸೊಪ್ಪಿನ ಲೇಪ ಹಚ್ಚುವ ಸಲಹೆ ಕೊಡುವವರು ಇದನ್ನು ಹೇಳುವುದಿಲ್ಲ. ಕಟ್ಟನ್ನು ಮನೆಗೆ ತಂದ ಮೇಲೆ ಬುಡದ ಮಣ್ಣು ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಎಳೆ ಎಲೆಗಳ ನಡುವೆ ಮಣ್ಣೂ ಹುಳವೂ ಸಿಕ್ಕಿಕೊಳ್ಳುವಷ್ಟು ಬೇರೆ ಸೊಪ್ಪಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ.